ಸಾಬೂನಿಗೆ ನಲವತ್ತು ದಿನ, ನಿಮ್ಮ ನೋಟಿಸಿಗೆ ಎರಡು ದಿನ

ಬೆಳಗಾವಿ ಜಿಲ್ಲೆಯ ಜಾತ್ರಾ ಸಮಿತಿಗಳ ಹಿರಿಯರಿಗೆ, ಗ್ರಾಮ ಪಂಚಾಯಿತಿಗಳ ಅಧ್ಯಕ್ಷರಿಗೆ ಮತ್ತು ಅಭಿವೃದ್ಧಿ ಅಧಿಕಾರಿಗಳಿಗೆ, ಇವರೆಲ್ಲರಿಗೂ ಒಂದು ಮಾತು ಹೇಳಬಲ್ಲ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ಮೊನ್ನೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಗುಂಪಿನ ಒಬ್ಬಳ ಮೊಬೈಲಿಗೆ ಒಂದು ಫೋಟೊ ಬಂತು. ಯಾವುದೋ ಗೋಡೆಗೆ ಅಂಟಿಸಿದ ಕಾಗದವನ್ನು ಯಾರೋ ಓರೆಯಾಗಿ ತೆಗೆದ ಫೋಟೊ. ನಮ್ಮ ಬೆಟ್ಟ ಇಳಿದು ಬಯಲಿಗೆ ಬಂದರೆ ಸಿಗುವ ಒಂದು ಊರಿನ ದೇವಿಯ ಜಾತ್ರೆ. ಅಂಗಡಿ ಜಾಗದ ಹರಾಜು ನಾಡಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಮುಂಗಡ ತುಂಬಿದವರಿಗೆ ಮಾತ್ರ ಕೂಗುವ ಹಕ್ಕು. ಜಾತ್ರೆ ಶುರುವಾಗುವುದು ಅದರ ಮರುದಿನ. ಆ ಫೋಟೊ ಬಂದಾಗ ನಾನು ಅಟ್ಟದ ಮೇಲೆ ಕುಳಿತು ಹಲಗೆಯ ಮೇಲಿನ ಸೋಪುಗಳನ್ನು ಒಂದೊಂದಾಗಿ ಮಗ್ಗುಲು ಬದಲಿಸುತ್ತಿದ್ದೆ. ಇನ್ನೂರ ಅರವತ್ತು ಸೋಪು. ಎಲ್ಲಕ್ಕೂ ಹದಿನೇಳು ದಿನದ ವಯಸ್ಸು. ಇನ್ನು ಇಪ್ಪತ್ತಮೂರು ದಿನ ಅವನ್ನು ಯಾರ ಮೈಗೂ ಮುಟ್ಟಿಸುವ ಹಾಗಿಲ್ಲ.

ನಾನು ಈ ಪತ್ರ ಬರೆಯುತ್ತಿರುವುದು ಸಬ್ಸಿಡಿ ಕೇಳಲು ಅಲ್ಲ, ಸನ್ಮಾನದ ಶಾಲು ಕೇಳಲು ಮೊದಲೇ ಅಲ್ಲ. ಒಂದು ದಿನಾಂಕ ಕೇಳಲು. ಜಾತ್ರೆಯಲ್ಲಿ ನಮಗೆ ಜಾಗವಿದೆಯೋ ಇಲ್ಲವೋ, ಇದ್ದರೆ ಎಷ್ಟು ದುಡ್ಡಿಗೆ ಎಂಬುದನ್ನು ಎರಡು ತಿಂಗಳು ಮೊದಲು ಹೇಳಿ. ಇಷ್ಟೇ ನನ್ನ ಬೇಡಿಕೆ. ಇಷ್ಟು ಸಣ್ಣದನ್ನು ಕೇಳಲು ಇಷ್ಟುದ್ದ ಪತ್ರ ಯಾಕೆ ಎಂದರೆ, ಬಾಯಿಮಾತಿನಲ್ಲಿ ನಾಲ್ಕು ವರ್ಷ ಕೇಳಿ ನೋಡಿದ್ದೇನೆ. "ಸೋಪು ತಾನೇ ಅಕ್ಕಾ, ಇವತ್ತು ಮಾಡಿ ನಾಳೆ ತಂದರಾಯಿತು" ಎಂದವರೇ ಎಲ್ಲರೂ.

ಇವತ್ತು ಮಾಡಿ ನಾಳೆ ತರಲಾಗದು. ಅದು ಯಾಕೆ ಎಂಬುದನ್ನು ಮೊದಲು ಹೇಳುತ್ತೇನೆ.

ನಮ್ಮದು ಖಾನಾಪುರ ತಾಲ್ಲೂಕಿನ ಪಡುವಣ ಅಂಚು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ; ಅದಕ್ಕೂ ಆಚೆ ಚೋರ್ಲಾ ಘಟ್ಟ ಇಳಿದರೆ ಗೋವಾ. ಮಹದಾಯಿಯೂ ನಮ್ಮ ಕಾಡಿನವಳೇ, ಆದರೆ ಅವಳು ಆ ಕಡೆ ಮುಖ ಮಾಡಿ ಹೋಗುತ್ತಾಳೆ. ಮಲಪ್ರಭೆ ಈ ಕಡೆ ತಿರುಗಿ ಖಾನಾಪುರ, ಸವದತ್ತಿ ದಾಟಿ, ಪಟ್ಟದಕಲ್ಲು, ಐಹೊಳೆಗಳ ಪಕ್ಕ ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ನಮ್ಮ ಸೋಪಿನ ಪೆಟ್ಟಿಗೆಗಳೂ ಹೆಚ್ಚುಕಡಿಮೆ ಅದೇ ದಾರಿ ಹಿಡಿಯುತ್ತವೆ, ಕೆಂಪು ಬಸ್ಸಿನ ಹಿಂದಿನ ಸೀಟಿನ ಕೆಳಗೆ, ಲಗೇಜಿನ ಟಿಕೆಟ್ ತೆಗೆಸಿಕೊಂಡು.

ಜೂನ್ ತಿಂಗಳಿನಿಂದ ಸೆಪ್ಟೆಂಬರ್ ಮುಗಿಯುವ ತನಕ ನಮ್ಮಲ್ಲಿ ಬೀಳುವ ಮಳೆಯನ್ನು ಬಯಲುಸೀಮೆಯವರಿಗೆ ಹೇಳಿದರೆ ನಂಬುವುದಿಲ್ಲ. ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ, ಒಗೆದ ಬಟ್ಟೆಯನ್ನು ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗಿಸಿ ಹೊಗೆಯ ವಾಸನೆಯೊಂದಿಗೇ ಉಡುತ್ತೇವೆ. ಆ ದಿನಗಳಲ್ಲಿ ಸೋಪು ಬೆವರುತ್ತದೆ. ಇದು ನಾನು ಕಟ್ಟಿದ ಮಾತಲ್ಲ. ಕೈಯಿಂದ ಮಾಡಿದ ಸಾಬೂನಿನಲ್ಲಿ ಗ್ಲಿಸರಿನ್ ಒಳಗೇ ಉಳಿದಿರುತ್ತದೆ. ದೊಡ್ಡ ಕಾರ್ಖಾನೆಗಳು ಅದನ್ನು ಬೇರ್ಪಡಿಸಿ ಬೇರೆಯಾಗಿ ಮಾರಿಕೊಳ್ಳುತ್ತವೆ. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಆಷಾಢದಲ್ಲಿ ನಮ್ಮ ಸೋಪಿನ ಮೈಮೇಲೆ ಹನಿ ಸಾಲುಗಟ್ಟುತ್ತದೆ, ಜ್ವರ ಬಂದ ಮಗುವಿನ ಹಣೆಯ ಹಾಗೆ. ಒಣಗುವ ಮಾತೇ ಇಲ್ಲ. ದೀಪಾವಳಿ ಕಳೆದರೂ ನೆಲದ ತಂಪು ಆರುವುದಿಲ್ಲ, ಭತ್ತದ ಸುಗ್ಗಿ ಬೇರೆ ತಲೆಯ ಮೇಲಿರುತ್ತದೆ.

ನಮಗೆ ಸಿಗುವುದು ಸಂಕ್ರಾಂತಿಯಿಂದ ಮೇ ತಿಂಗಳ ನಡುವಿನ ತನಕ. ಹಿಡಿದು ಎಣಿಸಿದರೆ ನೂರಿಪ್ಪತ್ತು ದಿನ. ಆ ನೂರಿಪ್ಪತ್ತರಲ್ಲಿ ಒಂದೊಂದು ಎರಕಕ್ಕೂ, ಅಂದರೆ ಒಮ್ಮೆಗೆ ಅಚ್ಚಿಗೆ ಹೊಯ್ಯುವ ಸೋಪಿಗೂ, ನಲವತ್ತು ದಿನ ಹೋಗುತ್ತದೆ.

ಬೆಟ್ಟದ ವಸಂತ ಎಂದರೆ ಕವಿಗಳು ಕೋಗಿಲೆಯನ್ನು ಕರೆದು ತಂದು ಕೂರಿಸುತ್ತಾರೆ. ನಮ್ಮಲ್ಲಿ ಕೋಗಿಲೆಗಿಂತ ಕುಟ್ರಹಕ್ಕಿಯದೇ ಕಾರುಬಾರು. ಬೆಳಗಿನಿಂದ ಸಂಜೆಯ ತನಕ ಒಂದೇ ಸಮನೆ ಕುಟ್ರ್, ಕುಟ್ರ್ ಎಂದು ಕೂಗಿ ತಲೆ ತಿನ್ನುತ್ತದೆ. ಶಿವರಾತ್ರಿಯ ಸುಮಾರಿಗೆ ಮುತ್ತುಗ ಕೆಂಪಾಗುತ್ತದೆ, ಎಲೆಯಿಲ್ಲದ ಬೂರುಗದ ಮರದ ತುಂಬ ಅಂಗೈಯಗಲದ ಹೂವು, ಅದರ ಮೇಲೆ ಹಕ್ಕಿಗಳ ಜಗಳ. ಸುರಗಿ ಅರಳಿದರೆ ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಹೆಂಗಸರು ದಾರದಲ್ಲಿ ಪೋಣಿಸಿ ಒಣಗಿಸಿ ಇಟ್ಟರೆ ವರ್ಷವಿಡೀ ಟ್ರಂಕಿನೊಳಗಿನ ಸೀರೆಗೆ ಆ ವಾಸನೆ. ಹೋಳಿಯ ಹೊತ್ತಿಗೆ ಗೇರುಹಣ್ಣು ಉದುರಲು ಶುರು. ಗೇರುಬೀಜ ಆರಿಸಿದವರ ಬೆರಳ ತುದಿ ಸುಟ್ಟು ಕಪ್ಪಾಗಿರುತ್ತದೆ, ಸಿಪ್ಪೆಯ ಎಣ್ಣೆ ಅಷ್ಟು ಉರಿ. ಕವಳೆಯ ಮುಳ್ಳುಪೊದೆಯಲ್ಲಿ ಈಗ ಬಿಳಿ ಹೂವು, ಹಣ್ಣಾಗಲು ಮೇ ಬರಬೇಕು. ಬೆಳಗಿನ ಜಾವ ಕಂಬಳಿ ಬೇಕು, ಮಧ್ಯಾಹ್ನ ಮೈಮೇಲಿನ ಸೆರಗೂ ಭಾರ.

ಇದನ್ನೆಲ್ಲ ನೋಡುತ್ತ ಕುಳಿತಿರುತ್ತೇವೆ ಎಂದು ತಿಳಿಯಬೇಡಿ. ಬೆಟ್ಟದ ವಸಂತ ಎಂದರೆ ಮಳೆಗಾಲದ ಸಾಲ ತೀರಿಸುವ ಕಾಲ. ನಾಲ್ಕು ತಿಂಗಳ ಕಟ್ಟಿಗೆ ಈಗಲೇ ಒಟ್ಟಬೇಕು, ಕುಳ್ಳು ತಟ್ಟಬೇಕು, ಹಂಚು ಕೈಯಾಡಿಸಬೇಕು, ದನಕ್ಕೆ ಒಣಹುಲ್ಲು ಅಟ್ಟಕ್ಕೇರಿಸಬೇಕು, ಹಪ್ಪಳ ಸಂಡಿಗೆ ಒಣಗಬೇಕು. ರಾಜ್ಯದಲ್ಲೇ ಹೆಚ್ಚು ಮಳೆ ಸುರಿಯುವ ಊರುಗಳ ಸಾಲಿನಲ್ಲಿದ್ದೂ ಏಪ್ರಿಲ್‌ನಲ್ಲಿ ಕೊಡ ಹಿಡಿದು ದೂರ ನಡೆಯುವ ಹಣೆಬರಹ ನಮ್ಮದು. ಬಿದ್ದ ನೀರೆಲ್ಲ ಇಳಿಜಾರಿನಲ್ಲಿ ಇಳಿದು ಬೇರೆಯವರ ಅಣೆಕಟ್ಟು ತುಂಬಿಸಿರುತ್ತದೆ. ಗಂಡಸರು ಗೋವಾ ಕಡೆ ಕೂಲಿಗೆ ಹೋಗಿರುತ್ತಾರೆ. ಈ ಎಲ್ಲ ಕೆಲಸದ ನಡುವೆ ಬಿಡುವು ಕದ್ದು ನಾವು ಐದು ಮಂದಿ ಸಾಬೂನು ಮಾಡುತ್ತೇವೆ.

(ಬರೆಯುವಾಗ ಸಾಬೂನು, ಮಾರುವಾಗ ಸೋಪು, ಮನೆಯೊಳಗೆ ಸಾಬಾಣ. ಮೂರನ್ನೂ ಬಳಸುತ್ತೇನೆ, ಕ್ಷಮಿಸಿ.)

ಶುರುವಾದದ್ದು ಮುರುಗಲದಿಂದ. ನಮ್ಮ ಹಿತ್ತಿಲಲ್ಲಿ, ಗದ್ದೆಯ ಬದುವಿನಲ್ಲಿ ಮುರುಗಲದ ಮರಗಳಿವೆ. ಖಾನಾಪುರದ ಪೇಟೆಯಲ್ಲಿ ಕೋಕಂ ಎಂದರೆ ಬೇಗ ತಿಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು. ಸಿಪ್ಪೆ ಒಣಗಿಸಿ ಸಾರಿಗೆ ಹಾಕುತ್ತೇವೆ, ಮಾರುತ್ತೇವೆ. ಬೀಜವನ್ನು ಮೊದಲೆಲ್ಲ ಅಜ್ಜಿಯಂದಿರು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ತೆಗೆದು ಮುದ್ದೆ ಕಟ್ಟಿ ಇಡುತ್ತಿದ್ದರು. ಮುರುಗಲ ತುಪ್ಪ. ಒಡೆದ ಹಿಮ್ಮಡಿಗೆ ಅದರಂಥ ಮದ್ದು ಇನ್ನೊಂದಿಲ್ಲ. ಬರಬರುತ್ತ ಬೀಜ ತಿಪ್ಪೆಗೆ ಹೋಗತೊಡಗಿತ್ತು. ಅದನ್ನು ತಿಪ್ಪೆಯಿಂದ ತಿರುಗಿ ಒಳಗೆ ತಂದವಳು ನನ್ನ ಅತ್ತೆ. "ಎಸೆಯುವುದಾದರೆ ಬೀಜದ ಜೊತೆ ನನ್ನನ್ನೂ ಎಸೆಯಿರಿ" ಎಂದಿದ್ದರು. ಈಗಲೂ ನಮ್ಮ ಸೋಪಿನಲ್ಲಿ ನೂರಕ್ಕೆ ಹತ್ತು ಪಾಲು ಮುರುಗಲ ತುಪ್ಪ. ಉಳಿದದ್ದು ಕೊಬ್ಬರಿ ಎಣ್ಣೆ, ಬಯಲುಸೀಮೆಯಿಂದ ತರಿಸುವ ಕುಸುಬಿ ಎಣ್ಣೆ, ಸ್ವಲ್ಪ ಔಡಲ ಎಣ್ಣೆ. ಭೀಮಗಡ ಅಭಯಾರಣ್ಯದ ಗಡಿ ನಮಗೆ ಹತ್ತಿರವೇ. ಅದರೊಳಗಿಂದ ಒಂದು ಬೀಜವನ್ನೂ ತರುವುದಿಲ್ಲ. ಇದನ್ನು ಇಲ್ಲಿ ಬರೆಯುವ ಅಗತ್ಯವಿರಲಿಲ್ಲ, ಆದರೆ ಬೆಟ್ಟದವರು ಏನು ಮಾರಿದರೂ ಮೊದಲು ಕೇಳುವ ಪ್ರಶ್ನೆ ಅದೇ.

ಮಾಡುವ ಬಗೆ ಕಷ್ಟದ್ದಲ್ಲ, ಉದಾಸೀನ ಮಾಡುವಂಥದ್ದೂ ಅಲ್ಲ. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸಾಬೂನಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಅಷ್ಟೇ ಔಡಲ ಎಣ್ಣೆಗೆ 128 ಗ್ರಾಂ ಸಾಕು. ಒಂದೊಂದು ಎಣ್ಣೆಗೆ ಒಂದೊಂದು ಲೆಕ್ಕ. ತಪ್ಪಿ ಹೆಚ್ಚಾದರೆ ಚರ್ಮ ಸುಡುತ್ತದೆ, ತೀರ ಕಡಿಮೆಯಾದರೆ ಸೋಪು ಮೆತ್ತಗಾಗಿ ಹಳಸುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಹಾಕಿದರೆ ಸಿಡಿಯುತ್ತದೆ. ಅಲ್ಯುಮಿನಿಯಂ ಪಾತ್ರೆ ಹತ್ತಿರಕ್ಕೂ ಬರಬಾರದು. ನಮ್ಮ ಮೊದಲ ಎರಕದಲ್ಲಿ ಒಂದು ಒಳ್ಳೆಯ ಬೋಗುಣಿ ಹಾಗೆ ತೂತಾಗಿ ಹೋಯಿತು, ಇವತ್ತಿಗೂ ಅದಕ್ಕಾಗಿ ಮಾತು ಕೇಳುತ್ತಿದ್ದೇನೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು, ಮಕ್ಕಳಿಗೆ ಹೊರಗಿನಿಂದ ಚಿಲಕ. ಎಣ್ಣೆ ಮತ್ತು ಸೋಡಾ ನೀರನ್ನು ಕೂಡಿಸಿ ಕಡೆದರೆ ಮೊದಲು ಮಜ್ಜಿಗೆಯ ಹದ, ಆಮೇಲೆ ದೋಸೆ ಹಿಟ್ಟಿನ ಹದ. ಆಗ ಅಚ್ಚಿಗೆ ಹೊಯ್ದು ಗೋಣಿಚೀಲ ಹೊದಿಸಿ ಮಲಗಿಸುತ್ತೇವೆ. ಮರುದಿನ ಕೊಯ್ದು ಹಲಗೆಯ ಮೇಲೆ ಜೋಡಿಸಿದರೆ ಅಲ್ಲಿಂದ ಕಾಯುವ ಕೆಲಸ. ಐದು ಕಿಲೋ ಎಣ್ಣೆಯ ಒಂದು ಎರಕಕ್ಕೆ ಸುಮಾರು ಅರವತ್ತೈದು ಸೋಪು.

ಕೊಯ್ದ ದಿನ ನೂರಹನ್ನೆರಡು ಗ್ರಾಂ ತೂಗುವ ತುಂಡು ನಲವತ್ತನೆಯ ದಿನ ನೂರಕ್ಕೆ ಇಳಿದಿರುತ್ತದೆ. ಇಳಿದದ್ದು ನೀರು. ಆ ನೀರು ಹೋದ ಮೇಲೆಯೇ ಸೋಪು ಗಟ್ಟಿಯಾಗುವುದು, ಮೈಗೆ ಮೃದುವಾಗುವುದು, ಬಚ್ಚಲಿನಲ್ಲಿ ಎರಡು ದಿನಕ್ಕೆ ಕರಗದೆ ತಿಂಗಳು ಬರುವುದು. ಅಯ್ಯಪ್ಪನ ಮಾಲೆ ಹಾಕಿದವರಿಗೆ ನಲವತ್ತೊಂದು ದಿನದ ವ್ರತ. ನಮ್ಮ ಸೋಪಿಗೂ ಹೆಚ್ಚುಕಡಿಮೆ ಅಷ್ಟೇ. ಬೇಗ ಆಗಲಿ ಎಂದು ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ದೇವರ ಮುಂದೆ ಇಟ್ಟರೂ ಬೇಗ ಆಗುವುದಿಲ್ಲ, ಅದನ್ನೂ ಅತ್ತೆ ಮಾಡಿ ನೋಡಿದ್ದಾರೆ.

ಈಗ ನಿಮ್ಮ ನೋಟಿಸಿನ ವಿಷಯಕ್ಕೆ ಬರುತ್ತೇನೆ.

ಜಾತ್ರೆ ಯಾವ ದಿನ ಎಂಬುದು ಗುಟ್ಟೇನಲ್ಲ. ದವನದ ಹುಣ್ಣಿಮೆ ಯಾವ ವಾರ ಬೀಳುತ್ತದೆ ಎಂಬುದು ಯುಗಾದಿಗೆ ಬಹಳ ಮೊದಲೇ ಪಂಚಾಂಗದಲ್ಲಿ ಅಚ್ಚಾಗಿರುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಹೋಳಿ ಹುಣ್ಣಿಮೆ, ಬಸವ ಜಯಂತಿ, ಯಾವುದೂ ಹಿಂದಿನ ದಿನ ನಿರ್ಧಾರವಾಗುವುದಲ್ಲ. ಎಷ್ಟೋ ವರ್ಷಕ್ಕೊಮ್ಮೆ ಬರುವ ಗ್ರಾಮದೇವತೆಯ ಜಾತ್ರೆಯನ್ನಂತೂ ಊರವರು ತಿಂಗಳುಗಟ್ಟಲೆ ಮೊದಲು ಕೂಡಿ ಗೊತ್ತು ಮಾಡುತ್ತಾರೆ. ಹೆಣ್ಣುಮಕ್ಕಳು ತವರಿಗೆ ಬರಬೇಕು, ಮನೆಗಳಿಗೆ ಬಣ್ಣ ಬಳಿಯಬೇಕು, ಸಾಲ ಹುಟ್ಟಿಸಬೇಕು. ದೇವರಿಗೆ ಗೊತ್ತು, ಪೂಜಾರಿಗೆ ಗೊತ್ತು, ತವರಿಗೆ ಬರುವ ಮಗಳಿಗೆ ಗೊತ್ತು. ತೊಟ್ಟಿಲು ತರುವವನಿಗೂ ಗೊತ್ತು. ಬಾದಾಮಿ ಬನಶಂಕರಿಯ ಜಾತ್ರೆಗೆ ಬರುವ ನಾಟಕ ಕಂಪನಿಗಳನ್ನೇ ನೋಡಿ, ವಾರಗಟ್ಟಲೆ ಬೀಡು ಬಿಡುತ್ತವೆ. ಅವರಿಗೆ ಹಿಂದಿನ ದಿನ ಜಾಗ ತೋರಿಸಿದರೆ ರಂಗಸಜ್ಜಿಕೆ ಎಲ್ಲಿಂದ ಏಳಬೇಕು? ಅವರಿಗೆ ಮೊದಲೇ ಹೇಳುವುದು ಸಾಧ್ಯವಿದ್ದರೆ ಆರಡಿ ಜಾಗ ಬೇಕಾದವರಿಗೆ ಹೇಳುವುದು ಯಾಕೆ ಅಸಾಧ್ಯ?

ಇದರ ಉತ್ತರ ನನಗೆ ಗೊತ್ತಾದದ್ದು ಒಂದು ಜಾತ್ರೆಯಲ್ಲಿ. ಊರಿನ ಹೆಸರು ಬೇಡ. ಅಲ್ಲಿಯ ದೇವಿಯ ಮೇಲೆ ನನಗೆ ಭಕ್ತಿಯಿದೆ. ಅಲ್ಲಿ ಇಡೀ ಮೈದಾನವನ್ನು ಒಬ್ಬನೇ ಒಟ್ಟಾಗಿ ಕೂಗಿ ಹಿಡಿಯುತ್ತಾನೆ. ಹಿಡಿದವನು ಗೂಟ ಹೊಡೆದು ತುಂಡು ತುಂಡಾಗಿ ಮಾರುತ್ತಾನೆ. ನೋಟಿಸು ತಡವಾದಷ್ಟೂ ಕೂಗಲು ಬರುವವರು ಕಡಿಮೆ. ಜಾತ್ರೆ ಹತ್ತಿರ ಬಂದಷ್ಟೂ ತುಂಡಿನ ಬೆಲೆ ಹೆಚ್ಚು. ಐದು ದಿನಕ್ಕೆ ಆರಡಿ ಜಾಗಕ್ಕೆ ನಮ್ಮಿಂದ ಸಾವಿರದ ಇನ್ನೂರು ತೆಗೆದುಕೊಂಡ. ರಸೀದಿ ಕೇಳಿದ್ದಕ್ಕೆ "ನಂಬಿಕೆ ಇಲ್ಲವೇನು ತಂಗಿ?" ಎಂದ. ಸಂಜೆಗೆ ಇನ್ನೊಬ್ಬ ಬಂದು ದೀಪದ ದುಡ್ಡು ಕೇಳಿದ. ಮರುದಿನ ಮೂರನೆಯವನು ಕಸದ ದುಡ್ಡು. ಮೂರನೆಯ ದಿನ ನಮ್ಮನ್ನು ಅಲ್ಲಿಂದ ಎಬ್ಬಿಸಿ ತೇರಿನ ಹಿಂದಿನ ಓಣಿಗೆ ಕಳಿಸಿದರು. ನಮ್ಮ ಜಾಗಕ್ಕೆ ಐಸ್‌ಕ್ರೀಮಿನ ಗಾಡಿ ಬಂತು. ಓಣಿಯಲ್ಲಿ ನಮ್ಮ ಎದುರಿಗೆ ದನ ಕಟ್ಟಿದ್ದರು. ದನಕ್ಕೆ ಮುರುಗಲದ ಸೋಪು ಬೇಕಿರಲಿಲ್ಲ.

ಜಾತ್ರೆ ಮುಗಿದ ರಾತ್ರಿ ಎಪ್ಪತ್ತು ರೂಪಾಯಿಯ ಸೋಪಿನ ಲೆಕ್ಕ ಹಾಕಿದೆವು. ಎಣ್ಣೆ, ಸೋಡಾ, ಕಾಗದ, ಬಸ್ಸು, ಜಾಗ, ದೀಪ, ಕಸ. ಐದು ಹೆಂಗಸರ ಐದು ದಿನದ ದುಡಿಮೆಗೆ ಉಳಿದದ್ದು ಮುನ್ನೂರ ನಲವತ್ತು ರೂಪಾಯಿ. ತಲೆಗೆ ಅರವತ್ತೆಂಟು. ಒಂದು ಸೋಪಿನ ಬೆಲೆಗಿಂತ ಎರಡು ರೂಪಾಯಿ ಕಡಿಮೆ.

ಹಾಗೆಂದು ಎಲ್ಲ ಜಾತ್ರೆಯೂ ಹಾಗಲ್ಲ. ನಮ್ಮ ಇಡೀ ವರ್ಷದ ನಗು ಇರುವುದು ಬಾಗಲಕೋಟೆಯ ಹೋಳಿಯಲ್ಲಿ. ಆ ಊರಿನ ಬಣ್ಣದಾಟ ಗೊತ್ತಿರುವವರಿಗೆ ಹೇಳಬೇಕಿಲ್ಲ. ದಿನಗಟ್ಟಲೆ ಹಲಗೆ ವಾದ್ಯದ ಸದ್ದು, ಬಂಡಿಗಳ ಮೇಲೆ ಬಣ್ಣದ ಬ್ಯಾರಲ್, ಬೀದಿಯಲ್ಲಿ ನಡೆದವನ ಗುರುತು ಅವನ ಹೆತ್ತವ್ವನಿಗೂ ಸಿಗುವುದಿಲ್ಲ. ಬಣ್ಣ ಆಡಿ ಮುಗಿದ ಸಂಜೆ ಆ ಊರಿನಲ್ಲಿ ಸೋಪು ಮಾರುವವಳಷ್ಟು ಪುಣ್ಯವಂತೆ ಇನ್ನೊಬ್ಬಳಿಲ್ಲ. ಒಬ್ಬ ಹುಡುಗ ನೀಲಿ ಮುಖ ಹೊತ್ತು ಬಂದು, "ಅಕ್ಕಾ, ನಾಳೆ ಹೆಣ್ಣು ನೋಡಲು ಹೋಗಬೇಕು" ಎಂದು ಮೂರು ಸೋಪು ಒಯ್ದ. ಹುಡುಗಿ ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಮುರುಗಲ ತುಪ್ಪ ಏನೆಲ್ಲ ಮಾಡಬಲ್ಲದು, ಆದರೆ ಆ ನೀಲಿಯನ್ನು ತೆಗೆಯಬಲ್ಲದು ಎಂದು ನಾನು ಪ್ರಮಾಣ ಮಾಡಲಾರೆ.

ಬಯಲುಸೀಮೆ ನಮಗೆ ಪಾಠವನ್ನೂ ಕಲಿಸಿತು. ಮೊದಲ ವರ್ಷ ವಿಜಯಪುರದ ಕಡೆಯ ಒಂದು ಜಾತ್ರೆಗೆ ಹೋದಾಗ ಕೊಂಡವರೇ ಮರುದಿನ ಬಂದು ಬೈದರು: ನೊರೆಯೇ ಬರುವುದಿಲ್ಲ, ಮೈಮೇಲೆ ಸುಣ್ಣ ಬಳಿದ ಹಾಗಾಗುತ್ತದೆ. ತಪ್ಪು ಸೋಪಿನದಲ್ಲ, ಅವರದೂ ಅಲ್ಲ. ಅಲ್ಲಿಯ ಕೊಳವೆಬಾವಿಯದು ಸವಳು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನನ್ನು ಹಿಡಿದು ಬಿಳಿ ಕೆನೆಯಾಗಿ ಕೂರಿಸುತ್ತವೆ. ನಮ್ಮ ಬೆಟ್ಟದ ಝರಿಯ ನೀರಿನಲ್ಲಿ ಎಷ್ಟು ತಿಕ್ಕಿ ನೋಡಿದರೂ ಅದು ಗೊತ್ತಾಗುವ ಮಾತಲ್ಲ. ಅಲ್ಲಿಂದೀಚೆಗೆ ಬಯಲಿಗೆ ಒಯ್ಯುವ ಎರಕಕ್ಕೆ ಕೊಬ್ಬರಿ ಎಣ್ಣೆ ಹೆಚ್ಚು ಹಾಕುತ್ತೇವೆ. ಅದರ ಸೋಪು ಸವಳಿನಲ್ಲೂ ನೊರೆ ಕೊಡುತ್ತದೆ. ಅಂದರೆ ಯಾವ ಜಾತ್ರೆಗೆ ಹೋಗುತ್ತೇವೆ ಎಂಬುದು ಎರಕ ಹೊಯ್ಯುವ ಮೊದಲೇ ಗೊತ್ತಿರಬೇಕು. ಬೆಳಗಾವಿಯ ಸೋಪು ಬೇರೆ, ವಿಜಯಪುರದ ಸೋಪು ಬೇರೆ. ಹೀಗಾಗಿಯೂ ನಿಮ್ಮ ಎರಡು ದಿನದ ನೋಟಿಸು ನಮಗೆ ಉಪಯೋಗಕ್ಕೆ ಬರುವುದಿಲ್ಲ.

ಗೋಕಾಕದ ಕಡೆ ಇನ್ನೊಂದು ತಮಾಷೆ. ಬೆಲ್ಲದ ಬಣ್ಣದ ನಮ್ಮ ಸೋಪನ್ನು ಚೌಕವಾಗಿ ಕೊಯ್ದು ತಟ್ಟೆಯಲ್ಲಿ ಜೋಡಿಸಿದ್ದೆವು. ಪಕ್ಕದ್ದು ಕರದಂಟಿನ ಅಂಗಡಿ. ವಯಸ್ಸಾದ ಒಬ್ಬರು ರುಚಿ ನೋಡಲು ಇಟ್ಟ ಚೂರು ಎಂದುಕೊಂಡು ಒಂದನ್ನು ಬಾಯಿಗೆ ಹಾಕಿಕೊಂಡರು. ನಾವು ಕೂಗುವ ಮೊದಲೇ ಅಗಿದರು. ಉಗುಳಿ, ಬಾಯಿ ತೊಳೆದುಕೊಂಡು, ಬಹಳ ಹೊತ್ತು ಯೋಚಿಸಿ, "ಯವ್ವಾ, ಅಂಟು ಕಡಿಮೆಯಾಗಿದೆ" ಎಂದರು. ಅವರೇ ಎರಡು ಸೋಪು ಕೊಂಡೂ ಹೋದರು. ಅಂದಿನಿಂದ ದೊಡ್ಡ ಅಕ್ಷರದಲ್ಲಿ "ಮೈಗೆ ಹಚ್ಚುವ ಸೋಪು" ಎಂಬ ಹಲಗೆ ಹಾಕುತ್ತೇವೆ.

ಕಾನೂನಿನ ಮಾತೂ ಆಡಿಬಿಡುತ್ತೇನೆ, ನಾಳೆ ಯಾರಾದರೂ ಅದನ್ನೇ ಎತ್ತಿಕೊಳ್ಳಬಾರದು. ಮೈಸೋಪು ಮಾಡಿ ಮಾರಲು ಲೈಸೆನ್ಸ್ ಬೇಕು. ಮೊದಲು ಸಾಬೂನು ಸೌಂದರ್ಯವರ್ಧಕಗಳ ಲೆಕ್ಕದಿಂದ ಹೊರಗಿತ್ತು. 1982ರ ತಿದ್ದುಪಡಿ ಅದನ್ನು ಒಳಕ್ಕೆ ತಂದಿತು. ಈಗ 2020ರ ಸೌಂದರ್ಯವರ್ಧಕ ನಿಯಮಗಳು ಜಾರಿಯಲ್ಲಿವೆ. ಇದು ನಮಗೆ ಮೊದಲ ವರ್ಷ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಾರಿದೆವು, ಅದು ನಮ್ಮದೇ ತಪ್ಪು. ಗೊತ್ತಾದ ಮೇಲೆ ಒಂದು ವರ್ಷ ಮೈಸೋಪು ನಿಲ್ಲಿಸಿ ಬಟ್ಟೆಸೋಪು ಮಾತ್ರ ಮಾಡಿದೆವು. ಲೈಸೆನ್ಸಿಗಾಗಿ ಅಲೆದಾಡಿದ ಕಥೆ ಇನ್ನೊಂದು ಪತ್ರಕ್ಕಾಗುವಷ್ಟಿದೆ. ಒಂದು ಕಚೇರಿಯಲ್ಲಿ ನಮ್ಮನ್ನು ಕೂರಿಸಿಕೊಂಡು ಆಹಾರ ಸುರಕ್ಷತೆಯ ಅರ್ಜಿ ತುಂಬಿಸಿದರು. ಗೋಕಾಕದ ಅಜ್ಜ ನೆನಪಾದರು. ಕಡೆಗೆ ನಮ್ಮನ್ನು ಕಾಪಾಡಿದ್ದು ಗುಂಪಿನ ಒಬ್ಬಳ ಮಗಳು. ತಯಾರಿಕೆಯ ಮೇಲ್ವಿಚಾರಣೆಗೆ ಅರ್ಹತೆಯುಳ್ಳ ಒಬ್ಬರು ಇರಬೇಕು ಎನ್ನುತ್ತದೆ ನಿಯಮ. ರಸಾಯನಶಾಸ್ತ್ರ ಓದಿ ಪಿಯುಸಿ ಪಾಸಾದವರಿದ್ದರೂ ನಡೆಯುತ್ತದೆ. ಅವಳು ಪಾಸಾಗಿದ್ದಳು. ರಸಾಯನಶಾಸ್ತ್ರದಲ್ಲಿ ಮೂವತ್ತೆಂಟು ಅಂಕ ಬಂದದ್ದಕ್ಕೆ ಅವರಪ್ಪ ಒಂದು ವಾರ ಮಾತು ಬಿಟ್ಟಿದ್ದ. ಈಗ ಅದೇ ಅಂಕಪಟ್ಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ್ದೇವೆ.

ಇಷ್ಟು ಮಾಡಿ ಜಾತ್ರೆಗೆ ಬಂದರೆ, ಪಕ್ಕದ ಅಂಗಡಿಯಲ್ಲಿ ಯಂತ್ರದ ಸೋಪನ್ನೇ ಕರಗಿಸಿ ಅಚ್ಚಿಗೆ ಹೊಯ್ದು "ಕೈಯಿಂದ ಮಾಡಿದ್ದು" ಎಂದು ಮಾರುವವರಿರುತ್ತಾರೆ. ಅವರ ಸೋಪು ನಿಜವಾಗಿಯೂ ಇವತ್ತು ಮಾಡಿ ನಾಳೆ ತರುವಂಥದ್ದು. ನಿಮ್ಮ ನೋಟಿಸು ಅವರ ಅಳತೆಗೆ ಸರಿಯಾಗಿದೆ.

ಪಟ್ಟಣದ ಬೀದಿ ವ್ಯಾಪಾರಿಗಳಿಗಾಗಿ 2014ರಲ್ಲಿ ಒಂದು ಕಾಯ್ದೆ ಬಂತು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳು ಇರಬೇಕು, ಆ ಪ್ರತಿನಿಧಿಗಳಲ್ಲಿ ಮೂರನೆಯ ಒಂದು ಭಾಗ ಹೆಂಗಸರಿರಬೇಕು ಎಂದು ಅದರಲ್ಲಿ ಬರೆದಿದೆ. ಓದಿ ಸಂತೋಷವಾಯಿತು. ಆದರೆ ಜಾತ್ರೆ ನೆರೆಯುವುದು ಬಹುಪಾಲು ಹಳ್ಳಿಯ ಹೊಲ, ಬಯಲು, ಗುಡ್ಡದ ತಪ್ಪಲಿನಲ್ಲಿ. ಆ ಕಾಯ್ದೆ ಪಟ್ಟಣದ ಗಡಿಯಲ್ಲಿ ನಿಂತುಬಿಡುತ್ತದೆ. ಹಾಗಾಗಿ ಕಾಯ್ದೆ ತೋರಿಸಿ ಕೇಳಲು ನನ್ನ ಕೈಯಲ್ಲಿ ಏನೂ ಇಲ್ಲ. ಸಂತೆ ಜಾತ್ರೆಯ ಜಾಗಕ್ಕೆ ಶುಲ್ಕ ಪಡೆಯುವ ಅಧಿಕಾರ ಪಂಚಾಯಿತಿಗೆ ಇದೆ. ಪಡೆಯಿರಿ. ಎಷ್ಟು ಎಂಬುದನ್ನು ಒಂದು ಹಲಗೆಯ ಮೇಲೆ ಬರೆದು ಮೈದಾನದ ಬಾಯಿಗೆ ನೆಡಿ, ಪಡೆದದ್ದಕ್ಕೆ ಚೀಟಿ ಕೊಡಿ. ಇಡೀ ಬಯಲನ್ನು ಒಬ್ಬನಿಗೆ ಕೊಡುವ ಮೊದಲು, ತಾನೇ ಮಾಡಿದ್ದನ್ನು ತಾನೇ ಮಾರುವವರಿಗಾಗಿ ಒಂದು ಸಾಲು ಬದಿಗಿಡಿ. ಬುಟ್ಟಿ ಹೆಣೆಯುವವರು, ಕೌದಿ ಹೊಲಿಯುವವರು, ಕಂಬಳಿಯವರು, ಗೋಕಾಕದ ಮರದ ಬೊಂಬೆಯವರು, ಗುಳೇದಗುಡ್ಡದ ಖಣ ನೇಯುವವರು, ನಾವು. ಹರಾಜು ಬೇಡ, ಚೀಟಿ ಎತ್ತಿ. ಸಿಗದಿದ್ದರೆ ಇನ್ನೊಂದು ಜಾತ್ರೆಗೆ ಹೋಗುತ್ತೇವೆ; ಸಿಗಲಿಲ್ಲ ಎಂದು ಎರಡು ತಿಂಗಳು ಮೊದಲು ಗೊತ್ತಾದರೆ ಸಾಕು. ಆ ಸಾಲಿನ ಹತ್ತಿರ ಹೆಂಗಸರಿಗೊಂದು ಶೌಚಾಲಯವಿರಲಿ. ಬೆಳಗಿನಿಂದ ರಾತ್ರಿ ಹನ್ನೊಂದರ ತನಕ ಕುಳಿತು ಮಾರುವವಳು ನೀರು ಕುಡಿಯದೆ ಕೂರುವುದು ಯಾಕೆ ಎಂದು ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಕೇಳಿದರೆ ಹೇಳುತ್ತಾರೆ.

ಸರ್ಕಾರದ ಸರಸ್ ಮೇಳವಿದೆಯಲ್ಲ, ಹೆಂಗಸರ ಸಂಜೀವಿನಿ ಸ್ವಸಹಾಯ ಗುಂಪುಗಳಿಗೆ ಮಳಿಗೆ ಕೊಡುತ್ತಾರಲ್ಲ ಎಂದು ನೀವು ಕೇಳಬಹುದು. ಹೋಗಿದ್ದೇವೆ. ಮೇಲೆ ಬಟ್ಟೆ, ಕೆಳಗೆ ಚಾಪೆ, ಊಟದ ಕೂಪನ್, ಎಲ್ಲ ಚೆನ್ನಾಗಿತ್ತು. ಬಂದವರು ಮೂಸಿ ನೋಡಿ, ಫೋಟೊ ತೆಗೆಸಿಕೊಂಡು, "ತುಂಬಾ ಒಳ್ಳೆಯ ಪ್ರಯತ್ನ" ಎಂದು ಹೋದರು. ಜಾತ್ರೆಗೆ ಬಂದವರು ಹಾಗಲ್ಲ. ಅವರು ಚೌಕಾಸಿ ಮಾಡುತ್ತಾರೆ, ಬೈಯುತ್ತಾರೆ, ಅಗಿದು ನೋಡುತ್ತಾರೆ, ಮುಂದಿನ ವರ್ಷ ಅದೇ ಜಾಗಕ್ಕೆ ಬಂದು ಹುಡುಕುತ್ತಾರೆ. ಯಲ್ಲಮ್ಮನ ಗುಡ್ಡದಲ್ಲಿ ಒಬ್ಬ ಅವ್ವ ಹಿಂದಿನ ವರ್ಷ ಒಯ್ದ ಸೋಪಿನ ಕಾಗದವನ್ನು ಬಂಡಾರದ ಚೀಲದಲ್ಲಿ ಮಡಿಸಿಟ್ಟುಕೊಂಡು ತಂದು ತೋರಿಸಿದರು: "ಇದನ್ನೇ ಕೊಡು." ನನಗೆ ಬೇಕಾದ ಗಿರಾಕಿ ಅವರು. ಅವರು ಹುಡುಕುವಾಗ ನಾನು ಓಣಿಯಲ್ಲಿ ದನದ ಎದುರು ಕುಳಿತಿರಬಾರದು.

ಇಂದು ರಂಗಪಂಚಮಿ. ಬಸವ ಜಯಂತಿಗೆ ಇನ್ನು ನಲವತ್ತೆರಡೋ ನಲವತ್ತಮೂರೋ ದಿನ ಉಳಿದಿದೆ. ಕೊಬ್ಬರಿ ಎಣ್ಣೆಯ ಡಬ್ಬ ಬಂದು ಕುಳಿತಿದೆ, ಸೋಡಾ ತೂಗಿಟ್ಟಿದೆ, ಹಲಗೆಯಲ್ಲಿ ಇನ್ನೂ ನಾಲ್ಕು ಎರಕಕ್ಕೆ ಜಾಗವಿದೆ. ನಾಳೆ ಅಥವಾ ನಾಡಿದ್ದು ಹೊಯ್ದರೆ ಆ ಹೊತ್ತಿಗೆ ಮಾಗುತ್ತದೆ, ಆಚೆ ನಾಡಿದ್ದು ಹೊಯ್ದರೆ ಇಲ್ಲ. ಬಸವ ಜಯಂತಿಗೆ ಜಾತ್ರೆ ನಡೆಸುವ ಊರಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಆರಡಿ ಜಾಗ ಉಂಟೋ ಇಲ್ಲವೋ, ನಿಮ್ಮ ಊರಿನದು ಸಿಹಿನೀರೋ ಸವಳೋ, ಇವೆರಡನ್ನು ಮಾತ್ರ ಇವತ್ತೇ ತಿಳಿಸಿ.

ಇಂತಿ,
ಕಣಕುಂಬಿ ಕಡೆಯ ಬೆಟ್ಟದಿಂದ,
ಸಾಬೂನು ಮಾಡುವ ಐವರಲ್ಲಿ ಒಬ್ಬಳು